ರಾಜಾ ರವಿವರ್ಮನ ಚಿತ್ರವಿದ್ಯೆ: ಪ್ರೇರಣೆ, ಅಭ್ಯಾಸ, ವಿಕಾಸ

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ವರ್ಣಚಿತ್ರಗಳ ಮುಂದೆ ವಿಸ್ಮಿತರಾಗಿ ನಿಂತವರೂ, ಅವನ ಮುದ್ರಣಾಲಯದಿಂದ ಹೊರಟ ಲಕ್ಷ್ಮೀ ಸರಸ್ವತಿಯರ ಪಟಗಳನ್ನು ದೇವರ ಮನೆಯಲ್ಲಿಟ್ಟು ಪೂಜಿಸಿದವರೂ ಕನ್ನಡನಾಡಿನಲ್ಲಿ ಅಸಂಖ್ಯರು. ಇಷ್ಟೊಂದು ಜನಮನ್ನಣೆಯನ್ನು ಪಡೆದ ಆ ಕಲೆಯು ಯಾವ ಸಂಸ್ಕಾರದಲ್ಲಿ ಮೊಳೆತು, ಯಾವ ಬಗೆಯ ಅಭ್ಯಾಸದಿಂದ ಬೆಳೆಯಿತೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಕಾವ್ಯ ನಾಟ್ಯಗಳ ಸಂಸ್ಕಾರ ಅವನಿಗೆ ಮನೆತನದಿಂದ ಬಂದಿತು. ತೈಲವರ್ಣದ ವಿದ್ಯೆಯನ್ನಾದರೋ ಕ್ರಮವಾದ ಗುರೂಪದೇಶವಿಲ್ಲದೆ ಅವನು ಬಹುಮಟ್ಟಿಗೆ ನೋಡಿಯೇ ಕಲಿಯಬೇಕಾಯಿತು. ಅವನ ಸಿದ್ಧಿ ಮಿತಿಗಳೆರಡನ್ನೂ ಈ ಸ್ಥಿತಿಯಿಂದಲೇ ಅರಿಯಬಹುದೆಂದು ನಮ್ಮ ಅಭಿಪ್ರಾಯ.

ರವಿವರ್ಮನು ಜನಿಸಿದ್ದು 1848ರಲ್ಲಿ, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು. ತಾಯಿ ಉಮಾ ಅಂಬಾಬಾಯಿ ಕವಯಿತ್ರಿ. ‘ರಾವಣವಿಜಯ’ವೆಂಬ ಕಥಕಳಿ ಪ್ರಬಂಧದ ಕರ್ತೃವೂ ಅದೇ ಮನೆತನದವನು. ಪುರಾಣದ ಪಾತ್ರಗಳನ್ನು ದೀಪದ ಬೆಳಕಿನಲ್ಲಿ, ಮುದ್ರೆ ದೃಷ್ಟಿಭೇದಗಳ ಸಹಿತ, ಸಜೀವವಾಗಿ ಕಾಣುವ ಅವಕಾಶ ಬಾಲಕನಿಗೆ ಇಂತಹ ಮನೆಯಲ್ಲಿ ಸಹಜವಾಗಿಯೇ ಇದ್ದಿತು. ಇದ್ದಿಲಿನಿಂದ ಗೋಡೆಗಳ ಮೇಲೆ ಅವನು ಗೀಚುತ್ತಿದ್ದ ರೂಪಗಳಲ್ಲಿ ಪ್ರತಿಭೆಯನ್ನು ಗುರುತಿಸಿದವರು ಸೋದರಮಾವ ರಾಜರಾಜವರ್ಮರು. ಸ್ವತಃ ತಂಜಾವೂರು ಸಂಪ್ರದಾಯದ ಚಿತ್ರಕಾರರಾದ ಅವರೇ ಅವನಿಗೆ ರೇಖಾಭ್ಯಾಸ ಮಾಡಿಸಿ, 1862ರಲ್ಲಿ ತಿರುವನಂತಪುರಕ್ಕೆ ಕರೆದೊಯ್ದು ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯದಲ್ಲಿರಿಸಿದರು.

ಬಂಗಾರದ ರೇಕು, ಸಮತಲವಾದ ವರ್ಣ, ನಿಶ್ಚಿತವಾದ ಅಂಚು ಇವುಗಳನ್ನು ಅವಲಂಬಿಸಿದ ತಂಜಾವೂರಿನ ಪದ್ಧತಿಗೂ, ನಿಧಾನವಾಗಿ ಒಣಗುವ ಎಣ್ಣೆಬಣ್ಣದಲ್ಲಿ ಒಂದು ಛಾಯೆಯನ್ನು ಮತ್ತೊಂದರೊಳಗೆ ಬೆರೆಸಿ ಮೈಯ ಉಬ್ಬುತಗ್ಗುಗಳನ್ನು ತೋರಿಸುವ ಪಾಶ್ಚಾತ್ಯ ಪದ್ಧತಿಗೂ ಅಜಗಜಾಂತರವುಂಟು. ಎರಡನೆಯದನ್ನು ಬಲ್ಲ ಆಸ್ಥಾನ ಚಿತ್ರಕಾರ ರಾಮಸ್ವಾಮಿ ನಾಯ್ಕರರು ಈ ತರುಣನಿಗೆ ಅದನ್ನು ಕಲಿಸಲೊಪ್ಪಲಿಲ್ಲ. ಅವರ ಶಿಷ್ಯ ಆರುಮುಗಂ ಪಿಳ್ಳೆ ಮಾತ್ರ ಗುಟ್ಟಾಗಿ ಕೆಲವು ಮರ್ಮಗಳನ್ನು ತಿಳಿಸಿಕೊಟ್ಟನು. 1868ರಲ್ಲಿ ಐರೋಪ್ಯ ಭಾವಚಿತ್ರಕಾರ ಥಿಯೊಡೋರ್ ಜೆನ್ಸನ್ ಆಸ್ಥಾನಕ್ಕೆ ಬಂದಾಗಲೂ, ಮಹಾರಾಜರ ಮಾತಿಗೆ ಮನ್ನಣೆಯಿತ್ತು ತಾನು ಬರೆಯುವುದನ್ನು ನೋಡಲು ಅನುಮತಿ ಕೊಟ್ಟನೇ ಹೊರತು ಉಪದೇಶಕ್ಕೆ ಮನಸ್ಸು ಮಾಡಲಿಲ್ಲ. ಹೀಗೆ ನೋಟವೇ ಅವನಿಗೆ ಪಾಠವಾಯಿತು, ಪ್ರಯೋಗವೇ ಪರೀಕ್ಷೆಯಾಯಿತು.

ಚಿತ್ರರಚನೆಯನ್ನು ವೃತ್ತಿಯಾಗಿ ಕೈಗೊಳ್ಳುವುದು ಕುಲೀನರಿಗೆ ಉಚಿತವೆನಿಸದಿದ್ದ ಆ ಕಾಲದಲ್ಲಿ, ಆ ವೃತ್ತಿಗಿಳಿಯುವ ಮುನ್ನ ದೇವಿಯ ಅನುಗ್ರಹವನ್ನು ಬೇಡಲು ರವಿವರ್ಮನು 1870ರಲ್ಲಿ ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತಸ್ಥನಾಗಿದ್ದನು. ಮರಳುವ ದಾರಿಯಲ್ಲಿ ಕೋಳಿಕ್ಕೋಡಿನ ನ್ಯಾಯಾಧೀಶರೊಬ್ಬರ ಕುಟುಂಬದ ಚಿತ್ರವನ್ನು ಬರೆದು ಪಡೆದ ಸಂಭಾವನೆಯೇ ಅವನ ವೃತ್ತಿಜೀವನದ ಆರಂಭ. 1873ರಲ್ಲಿ, ಮಲ್ಲಿಗೆಯ ಮಾಲೆಯನ್ನು ಮುಡಿಗೆ ಸುತ್ತಿಕೊಳ್ಳುತ್ತಿರುವ ನಾಯರ್ ವನಿತೆಯ ಚಿತ್ರಕ್ಕೆ ಮದರಾಸಿನ ಪ್ರದರ್ಶನದಲ್ಲಿ ಗವರ್ನರರ ಸುವರ್ಣಪದಕವು ಲಭಿಸಿತು.

ಎರಡು ಸಂಸ್ಕಾರಗಳ ಸಂಗಮವನ್ನು ಪ್ರತ್ಯಕ್ಷವಾಗಿ ಕಾಣಬೇಕಾದರೆ 1876ರ ‘ಶಕುಂತಲಾ ಪತ್ರಲೇಖನ’ವನ್ನು ಪರಿಶೀಲಿಸಬೇಕು. ಕಾಳಿದಾಸನ ನಾಯಿಕೆ ನೆಲದ ಮೇಲೆ ಒರಗಿ ತಾವರೆಯೆಲೆಯಲ್ಲಿ ಓಲೆ ಬರೆಯುತ್ತಾಳೆ, ಸಖಿಯರಿಬ್ಬರು ಬಳಿಯಲ್ಲಿದ್ದಾರೆ. ಪ್ರಸಂಗವೂ ವಿರಹಭಾವವೂ ಸಂಸ್ಕೃತ ನಾಟಕದವು. ದೇಹದ ಘನತೆ, ನೆಳಲು ಬೆಳಕುಗಳ ವಿನ್ಯಾಸಗಳು ಪಾಶ್ಚಾತ್ಯ. ಮುಂದೆ ಸೋದರಿ ನಿವೇದಿತಾ ಈ ಭಂಗಿಯನ್ನೇ ಅನುಚಿತವೆಂದು ಖಂಡಿಸಿದರು. ಭಾರತೀಯ ಶಿಲ್ಪಚಿತ್ರಗಳ ಪ್ರಾಚೀನ ಪರಂಪರೆಯು ಅಂಗವಿನ್ಯಾಸಕ್ಕೆ ಒದಗಿಸಿದ್ದ ಸಂಯಮ ಇಲ್ಲಿ ಕಾಣದೆಂಬುದು ನಿಜವೇ. ಆದರೆ ಹೊಸ ಮಾಧ್ಯಮದಲ್ಲಿ ಹಳೆಯ ಕಾವ್ಯಕ್ಕೆ ರೂಪ ಕೊಡಹೊರಟವನಿಗೆ ಮಾರ್ಗದರ್ಶಿಗಳಾರೂ ಇರಲಿಲ್ಲವೆಂಬುದನ್ನು ವಿಮರ್ಶಕರು ಮರೆಯಲಾಗದು.

ಬರೋಡೆಯ ಮಹಾರಾಜರು 1888ರಲ್ಲಿ 14 ಪೌರಾಣಿಕ ಚಿತ್ರಗಳನ್ನು ಅಪೇಕ್ಷಿಸಿದಾಗ, ರವಿವರ್ಮನು ಸೋದರನೊಡನೆ ಉತ್ತರದೇಶವನ್ನು ಸಂಚರಿಸಿ ನಾನಾ ಪ್ರಾಂತಗಳ ಉಡುಗೆ ತೊಡುಗೆಗಳನ್ನು ಪರಿಶೀಲಿಸಿದನು. ತಾರುಣ್ಯದಲ್ಲಿ ಪರರ ಕುಂಚವನ್ನು ನಿರೀಕ್ಷಿಸಿದ ಕಣ್ಣು ಪ್ರೌಢಿಮೆಯಲ್ಲಿ ದೇಶವನ್ನೇ ನಿರೀಕ್ಷಿಸಿತು. ಸೀರೆಯುಟ್ಟ ಸೀತೆ ದಮಯಂತಿಯರು ಸಮಸ್ತ ಭಾರತೀಯರಿಗೂ ತಮ್ಮವರೆನಿಸುವಂತಾದುದು ಆ ನಿರೀಕ್ಷಣೆಯ ಫಲ. 1906ರಲ್ಲಿ ತೀರಿಕೊಳ್ಳುವುದಕ್ಕೆ ಮುನ್ನ, ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಅವನು ಕೈಗೊಂಡ 9 ಪೌರಾಣಿಕ ಚಿತ್ರಗಳಲ್ಲಿಯೂ ಇದೇ ಕ್ರಮವು ಮುಂದುವರಿದಿದೆ. ಆದುದರಿಂದ ರವಿವರ್ಮನನ್ನು ಪಾಶ್ಚಾತ್ಯರ ಅನುಕರಣಕಾರನೆಂದು ತಳ್ಳಿಹಾಕುವುದು ಅವನ ಕಲಿಕೆಯ ಇತಿಹಾಸಕ್ಕೆ ವಿರುದ್ಧವಾದ ತೀರ್ಪು. ಅನುಕರಿಸುವುದಕ್ಕೂ ಎದುರಿಗೊಬ್ಬ ಆಚಾರ್ಯನು ಬೇಕು. ನಿರಾಕರಣೆಯ ನಡುವೆ ವಿದ್ಯೆಯನ್ನು ಸಂಪಾದಿಸಿದ ಈತನು ಅದನ್ನು ತನ್ನ ಮನೆತನದ ಕಾವ್ಯಸಂಸ್ಕಾರಕ್ಕೆ ಅಧೀನಗೊಳಿಸಿದನೆಂಬುದೇ ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ಅವನಿಗೆ ಸಲ್ಲತಕ್ಕ ಗೌರವ.