ಕ್ಯಾಮಿನಿಂದ ಟೈಮ್‌ಲೈನಿಗೆ: ಯಂತ್ರಗೊಂಬೆ ಆಡಿಸುವ ಕೆಲಸ ಬೆಳೆದ ಬಗೆ

ಥೀಮ್ ಪಾರ್ಕಿನ ವೇದಿಕೆಯ ಮೇಲೆ ಯಂತ್ರಗೊಂಬೆಯೊಂದು ಎದ್ದು ನಿಂತು ಭಾಷಣ ಮಾಡಿದರೆ ನೋಡುವವರು ಅದರ ಚರ್ಮ, ಕಣ್ಣು, ಬೆರಳುಗಳನ್ನು ಮೆಚ್ಚುತ್ತಾರೆ. ಆಡಿಸುವವರ ತಲೆನೋವು ಬೇರೆ. ಯಾವ ಕೀಲು ಯಾವ ಕ್ಷಣಕ್ಕೆ ಎಷ್ಟು ತಿರುಗಬೇಕು ಎಂಬುದನ್ನು ಎಲ್ಲಿ, ಹೇಗೆ ಬರೆದಿಡುವುದು? ಈ ಕ್ಷೇತ್ರದ ಕಥೆಯನ್ನು ಗೊಂಬೆಗಳ ಮೈಕಟ್ಟಿನ ಕಥೆಯಾಗಿ ಹೇಳುವುದು ರೂಢಿ. ನಿಜವಾಗಿ ಕೆಲಸದ ಸ್ವರೂಪವನ್ನೇ ಬದಲಿಸಿದ್ದು ಈ ಬರೆದಿಡುವ ವಿಧಾನ.

ಮೊದಲು ಅದು ಲೋಹದಲ್ಲಿತ್ತು. ಸ್ವಿಟ್ಜರ್ಲೆಂಡಿನ ಜಾಕೆ-ದ್ರೋ ಮನೆತನದವರು 1774ರಲ್ಲಿ ಪ್ರದರ್ಶಿಸಿದ ‘ಬರಹಗಾರ’ ಗೊಂಬೆಯ ಮೈಯೊಳಗೆ ಕ್ಯಾಮ್‌ಗಳ, ಅಂದರೆ ತಿರುಗುವ ಲೋಹದ ಬಿಲ್ಲೆಗಳ, ಸಾಲಿದೆ. ಕ್ಯಾಮಿನ ಅಂಚು ಉಬ್ಬಿದಲ್ಲಿ ಕೈ ಏರುತ್ತದೆ, ತಗ್ಗಿದಲ್ಲಿ ಇಳಿಯುತ್ತದೆ. ನಮ್ಮ ಗಣೇಶೋತ್ಸವದ ಪೆಂಡಾಲುಗಳಲ್ಲಿ ಮೋಟರಿಗೆ ಕ್ರ್ಯಾಂಕ್ ಜೋಡಿಸಿ ಕೈ ಎತ್ತಿಸುವ ಗೊಂಬೆಗಳೂ ಇದೇ ವಂಶದವು. ಚಲನೆ ಬದಲಾಗಬೇಕಾದರೆ ಅರ ಹಿಡಿದು ಲೋಹವನ್ನೇ ಉಜ್ಜಬೇಕು.

1963ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ತೆರೆದ ಟಿಕಿ ರೂಮಿನ ಹಾಡುವ ಹಕ್ಕಿಗಳೊಂದಿಗೆ ಈ ಬರಹ ಲೋಹದಿಂದ ಕಾಂತೀಯ ಟೇಪಿಗೆ ಬಂತು. ಟೇಪಿನ ಒಂದೊಂದು ಸ್ವರಕ್ಕೆ ಒಂದೊಂದು ತೆಳು ಲೋಹದ ಪಟ್ಟಿ ಕಂಪಿಸುತ್ತಿತ್ತು. ಅದರಿಂದ ರಿಲೇ ಕೂಡಿ, ಗಾಳಿಯ ವಾಲ್ವ್ ತೆರೆದು, ಕೊಕ್ಕು ಬಾಯಿಬಿಡುತ್ತಿತ್ತು. ಹಾಡೂ ಚಲನೆಯೂ ಒಂದೇ ಟೇಪಿನಲ್ಲಿ ಓಡಿದ್ದರಿಂದ ತಾಳ ತಪ್ಪುವ ಭಯ ಕಡಿಮೆ. ಆದರೆ ಕೊಕ್ಕಿಗೆ ತೆರೆ, ಮುಚ್ಚು ಎಂಬ ಎರಡೇ ಮಾತು ಗೊತ್ತಿದ್ದದ್ದು. ಮನುಷ್ಯನ ಗೊಂಬೆಗೆ ಅಷ್ಟು ಸಾಲದು. 1964ರ ನ್ಯೂಯಾರ್ಕ್ ವಿಶ್ವಮೇಳದ ಗೊಂಬೆಗಳಿಗೆ ಚಲನೆ ತುಂಬಲು ಡಿಸ್ನಿಯ ವಾಥೆಲ್ ರಾಜರ್ಸ್ ಮೈಗೆಲ್ಲ ತಂತಿ-ಸರಳುಗಳ ಚೌಕಟ್ಟು ಕಟ್ಟಿಕೊಂಡು ತಾವೇ ಅಭಿನಯಿಸಿದರು. ಅವರ ಮೈ ಆಡಿದ ಹಾಗೆ ಗೊಂಬೆ ಆಡುತ್ತಿತ್ತು. 1971ರಲ್ಲಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಬಾಗಿಲು ತೆರೆದಾಗ ‘ಹಾಲ್ ಆಫ್ ಪ್ರೆಸಿಡೆಂಟ್ಸ್’ನಲ್ಲಿ ಅಮೆರಿಕದ 36 ಅಧ್ಯಕ್ಷರ ಗೊಂಬೆಗಳು ಒಟ್ಟಿಗೆ ವೇದಿಕೆಯಲ್ಲಿದ್ದವು. ಅಂಥ ಪ್ರದರ್ಶನಗಳನ್ನು ನಡೆಸಲು ಡಿಎಸಿಎಸ್ ಎಂಬ ಗಣಕ ವ್ಯವಸ್ಥೆ ಬಂದಿತ್ತು.

ಇದೆಲ್ಲ ದುಡ್ಡಿದ್ದವರ ಆಟ. ಸಣ್ಣವರ ಲೋಕದಲ್ಲಿ ದೊಡ್ಡ ತಿರುವು ಪಿಜ್ಜಾ ಅಂಗಡಿಗಳಿಂದ ಬಂತು ಎಂದರೆ ನಗು ಬರಬಹುದು. ಅಟಾರಿ ಖ್ಯಾತಿಯ ನೋಲನ್ ಬುಶ್ನೆಲ್ 1977ರಲ್ಲಿ ಸ್ಯಾನ್ ಹೋಸೆಯಲ್ಲಿ ಯಂತ್ರಗೊಂಬೆಗಳಿದ್ದ ಚಕ್ ಈ ಚೀಸ್ ಅಂಗಡಿ ತೆರೆದರು. 1980ರಲ್ಲಿ ಬಂದ ಶೋಬಿಝ್ ಪಿಜ್ಜಾ ಪ್ಲೇಸಿಗೆ ಆರನ್ ಫೆಕ್ಟರ್ ಅವರ ಕಂಪನಿ ‘ರಾಕ್-ಅಫೈರ್ ಎಕ್ಸ್‌ಪ್ಲೋಷನ್’ ಎಂಬ ಪ್ರಾಣಿಗಳ ವಾದ್ಯತಂಡ ಕಟ್ಟಿಕೊಟ್ಟಿತು. ಅದರ ಟೇಪಿನ ಎರಡು ಟ್ರ್ಯಾಕಿನಲ್ಲಿ ಹಾಡು, ಇನ್ನೆರಡರಲ್ಲಿ ಚಲನೆಯ ಸಂಕೇತ. ಪ್ರೋಗ್ರಾಮ್ ಮಾಡುವವರು ಹಾಡು ಹಾಕಿಕೊಂಡು ಬಟನ್ ಒತ್ತುತ್ತಾ ಒಂದು ಸುತ್ತಿಗೆ ಬಾಯಿ, ಇನ್ನೊಂದಕ್ಕೆ ಕೈ, ಮತ್ತೊಂದಕ್ಕೆ ರೆಪ್ಪೆ ಎಂದು ಪದರ ಪದರವಾಗಿ ತುಂಬುತ್ತಿದ್ದರು. ವಾದ್ಯ ನುಡಿಸಿದಂಥ ಈ ಕೆಲಸದಲ್ಲಿ ಬೆರಳಿನ ಲಯ ಗೊಂಬೆಗೆ ನೇರವಾಗಿ ಇಳಿಯುತ್ತಿತ್ತು. ಎಡವಿದರೆ ಆ ಪದರವನ್ನು ಮತ್ತೆ ನುಡಿಸುವುದೇ.

ಅಷ್ಟರಲ್ಲಿ ಪಕ್ಕದ ಮನೆಗಳಲ್ಲಿ ಬೇರೆ ಬೆಳವಣಿಗೆ ನಡೆದಿತ್ತು. 1983ರ ಮಿಡಿ ಎಂಬ ಸಂಕೇತ ಪದ್ಧತಿಯಿಂದ ಸಂಗೀತದ ಸೀಕ್ವೆನ್ಸರ್‌ಗಳು ಹರಡಿದವು, 1986ರ ಡಿಎಂಎಕ್ಸ್ 512ರಿಂದ ರಂಗದ ದೀಪಗಳಿಗೆ ಒಂದು ಸಮಾನ ಭಾಷೆ ಸಿಕ್ಕಿತು, 1989ರ ಅವಿಡ್ ವ್ಯವಸ್ಥೆಯಿಂದ ವಿಡಿಯೊ ಸಂಕಲನ ಪರದೆಗೆ ಬಂತು. ಮೂರರಿಂದಲೂ ಗೊಂಬೆಯವರು ಎರವಲು ಪಡೆದರು. ಎಡದಿಂದ ಬಲಕ್ಕೆ ಕಾಲ, ಮೇಲಿಂದ ಕೆಳಗೆ ಒಂದೊಂದು ಕೀಲಿಗೆ ಒಂದೊಂದು ಟ್ರ್ಯಾಕು, ತಲೆಯ ಮೇಲೆ ಧ್ವನಿಯ ಅಲೆ: ಇದೇ ಟೈಮ್‌ಲೈನ್. ಬ್ರೂಕ್‌ಶೈರ್ ಕಂಪನಿಯ ‘ವಿಷುಯಲ್ ಶೋ ಆಟೊಮೇಷನ್’ ಹವ್ಯಾಸಿಗಳ ಮನೆಯ ಪಿಸಿಗೂ ಇದನ್ನು ತಂದಿತು. ನುಡಿಸುವ ಕೆಲಸ ಸಂಕಲನದ ಕೆಲಸವಾಯಿತು.

ಅನುಕೂಲ ಯಾವುದರಲ್ಲಿ ಎಂಬುದಕ್ಕೆ ದವಡೆಯನ್ನೇ ನೋಡಿ. ಗಾಳಿಯಿಂದ ಆಡುವ ದವಡೆ ಆಜ್ಞೆ ಬಂದ ತಕ್ಷಣ ತೆರೆಯುವುದಿಲ್ಲ. ವಾಲ್ವ್ ತೆರೆದು, ಪೈಪಿನುದ್ದ ಗಾಳಿ ತುಂಬಿ, ಸಿಲಿಂಡರ್ ತಳ್ಳಬೇಕು. ಪೈಪು ಉದ್ದವಾದಷ್ಟೂ ತಡ. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದು ಫ್ರೇಮಿಗೆ 33 ಮಿಲಿಸೆಕೆಂಡು. ಮೂರು ಫ್ರೇಮ್ ತಡವಾದರೂ ಮಾತು ಡಬ್ಬಿಂಗ್ ಸಿನಿಮಾದಂತಾಗುತ್ತದೆ. ಟೈಮ್‌ಲೈನಿನಲ್ಲಿ ಆ ಟ್ರ್ಯಾಕನ್ನಷ್ಟೇ ಹಿಡಿದು ಎಡಕ್ಕೆ ಮೂರು ಫ್ರೇಮ್ ಎಳೆದರೆ ಮುಗಿಯಿತು. ಇನ್ನು ಪ್ರತಿ ಅಕ್ಷರಕ್ಕೂ ದವಡೆ ಬಡಿಸುವುದು ಹೊಸಬರ ಚಾಳಿ. ಪಳಗಿದವರು ಒತ್ತು ಬೀಳುವ ಸ್ವರಗಳಿಗೆ ಬಾಯಿ ತೆರೆಸಿ, ನಡುವಿನದನ್ನು ಪ್ರೇಕ್ಷಕರ ಕಿವಿಗೆ ಬಿಡುತ್ತಾರೆ.

ಎರವಲು ತಂದ ಭಾಷೆಯ ಕೊರತೆಯೂ ಜೊತೆಗೇ ಬಂತು. ಡಿಎಂಎಕ್ಸ್ ಚಾನೆಲ್ ಒಂದಕ್ಕೆ 0ರಿಂದ 255ರವರೆಗೆ 256 ಹಂತ. ದೀಪದ ಬೆಳಕಿಗೆ ಧಾರಾಳ. 180 ಡಿಗ್ರಿ ತಿರುಗುವ ಭುಜಕ್ಕಾದರೆ ಒಂದು ಹಂತ ಸುಮಾರು 0.7 ಡಿಗ್ರಿ. ತೋಳು ಒಂದು ಮೀಟರ್ ಉದ್ದವಿದ್ದರೆ ಬೆರಳ ತುದಿ ಒಂದೊಂದು ಹಂತಕ್ಕೂ 12 ಮಿಲಿಮೀಟರ್ ನೆಗೆಯುತ್ತದೆ. ನಿಧಾನ ಚಲನೆಯಲ್ಲಿ ಅದು ನಡುಕವಾಗಿ ಕಾಣುವುದರಿಂದ ಎರಡು ಚಾನೆಲ್ ಜೋಡಿಸಿ 65,536 ಹಂತ ಮಾಡಿಕೊಳ್ಳುವುದು ವಾಡಿಕೆ.

ಪರದೆಯ ರೇಖೆಗೆ ತೂಕ ಗೊತ್ತಿಲ್ಲ ಎಂಬುದು ಇನ್ನೂ ದೊಡ್ಡ ತೊಡಕು. ಎರಡು ಕೀಫ್ರೇಮ್‌ಗಳ (ಗುರುತಿಸಿಟ್ಟ ಭಂಗಿಗಳ) ನಡುವೆ ನೇರ ಗೆರೆ ಎಳೆದರೆ ಕೈ ಗಕ್ಕನೆ ಹೊರಟು ಗಕ್ಕನೆ ನಿಲ್ಲುತ್ತದೆ, ನಿಂತ ಮೇಲೂ ಅದುರುತ್ತದೆ. ಕಾರ್ಟೂನಿನವರು ಅಂದಕ್ಕಾಗಿ ಬಳಸುವ ಬಾಗು ಇಲ್ಲಿ ಬೇರಿಂಗ್ ಉಳಿಸಲೂ ಬೇಕು. ಡಿಸ್ನಿ ಹೈಡ್ರಾಲಿಕ್ಸಿನಲ್ಲೇ ಉತ್ತರ ಹುಡುಕಿ, ವೇಗವಾಗಿ ಚಲಿಸಿದರೂ ಅದುರದಂಥ ಗೊಂಬೆ ಮಾಡಿತು. 1989ರ ‘ಗ್ರೇಟ್ ಮೂವಿ ರೈಡ್’ನ ಮಾಟಗಾತಿ ಅದಕ್ಕೆ ಹೆಸರಾದವಳು. 2009ರಲ್ಲಿ ಡಿಸ್ನಿಲ್ಯಾಂಡಿಗೆ ಮರಳಿದ ಅಧ್ಯಕ್ಷ ಲಿಂಕನ್ ಗೊಂಬೆಯ ಮುಖ ಪೂರ್ತಿ ವಿದ್ಯುತ್ ಚಾಲಿತವಾಗಿತ್ತು.

ಇಂದು ಆರ್ಡುಯಿನೊ ಬೋರ್ಡು, ಅಗ್ಗದ ಸರ್ವೋ, ‘ಬೊಟ್ಯಾಂಗೊ’ದಂಥ ತಂತ್ರಾಂಶವಿದ್ದರೆ ಕಾಲೇಜು ಹುಡುಗರೂ ಮಾತಾಡುವ ತಲೆ ಮಾಡಬಲ್ಲರು. ಬ್ಲೆಂಡರಿನಲ್ಲಿ ಆಡಿಸಿದ ಪಾತ್ರದ ಕೋನಗಳನ್ನೇ ಸರ್ವೋಗೆ ಕಳಿಸುವವರೂ ಇದ್ದಾರೆ. ಸರ್ವೋ 20 ಮಿಲಿಸೆಕೆಂಡಿಗೊಮ್ಮೆ ಬರುವ, 1ರಿಂದ 2 ಮಿಲಿಸೆಕೆಂಡಿನ ವಿದ್ಯುತ್ ಪಲ್ಸನ್ನಷ್ಟೇ ಓದುತ್ತದೆ. ಅದನ್ನು ಯಾವ ತಂತ್ರಾಂಶ ಕಳಿಸಿತೆಂಬುದು ಅದಕ್ಕೆ ಬೇಕಿಲ್ಲ.

ಟೈಮ್‌ಲೈನಿನ ಕಾಲ ಮುಗಿಯಿತೇ ಎಂಬ ಚರ್ಚೆ ಈಗ ಎದ್ದಿದೆ. ಡಿಸ್ನಿ 2023ರಲ್ಲಿ ತೋರಿಸಿದ ಪುಟ್ಟ ಎರಡು ಕಾಲಿನ ರೋಬೊಗಳು ಯಂತ್ರಕಲಿಕೆಯಿಂದ ನಡೆಯಲು ಕಲಿತವು. ತಳ್ಳಿದರೆ ತಾವೇ ಸಾವರಿಸಿಕೊಳ್ಳುತ್ತವೆ. ಆದರೆ ಅವುಗಳ ಕತ್ತು ಬಾಗುವ ವೈಖರಿ, ಹೆಜ್ಜೆಯ ಠೀವಿ ಕಲಿಕೆಯಿಂದ ಹುಟ್ಟಿದ್ದಲ್ಲ. ಕಲಾವಿದರು ಮೊದಲೇ ಅನಿಮೇಷನ್ ಮಾಡಿಟ್ಟಿದ್ದನ್ನೇ ರೋಬೊ ಬೀಳದೆ ಅನುಕರಿಸುವುದನ್ನು ಕಲಿತದ್ದು. ಜನರ ನಡುವೆ ಓಡಾಡುವಾಗ ಯಾವ ತುಣುಕು ಯಾವಾಗ ಬರಬೇಕೆಂದು ಆರಿಸುವವರು ರಿಮೋಟ್ ಹಿಡಿದು ಪಕ್ಕದಲ್ಲೇ ಇರುತ್ತಾರೆ.