ಡ್ರೋನ್ ಪನೋರಮಾ ಛಾಯಾಗ್ರಹಣ: ಎಲೆಕ್ಟ್ರಾನಿಕ್ ಸಿಟಿ

ಕ್ಯಾಮೆರಾ ಹೊತ್ತ ಡ್ರೋನನ್ನು ಆಕಾಶದಲ್ಲಿ ಒಂದೆಡೆ ನಿಲ್ಲಿಸಿ, ವೈಡ್ ಆಂಗಲ್ ಲೆನ್ಸಿನ ಒಂದೇ ಚಿತ್ರದಲ್ಲೋ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಗೆದ ಹಲವು ಚಿತ್ರಗಳನ್ನು ಕೂಡಿಸಿಯೋ ಒಂದು ಪ್ರದೇಶದ ಅಗಲವಾದ ನೋಟವನ್ನು ಪಡೆಯುವ ಛಾಯಾಗ್ರಹಣ ವಿಧಾನ. ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ ಹೊಸೂರು ರಸ್ತೆಗೆ ಹೊಂದಿಕೊಂಡಿರುವ ಎಲೆಕ್ಟ್ರಾನಿಕ್ ಸಿಟಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಗಾಜಿನ ಕಚೇರಿಗಳು, ಹಳ್ಳಿಯ ಹಳೆಯ ಮನೆಗಳು, ಕೆರೆ, ಕಾರ್ಖಾನೆ, ಮೇಲ್ಸೇತುವೆ, ಮೆಟ್ರೊ ಎಲ್ಲವೂ ಇಲ್ಲಿ ಒತ್ತೊತ್ತಾಗಿವೆ. ನೆಲದ ಮೇಲೆ ನಡೆಯುವವರಿಗೆ ಕಾಂಪೌಂಡ್ ಗೋಡೆಗಳೇ ಹೆಚ್ಚಾಗಿ ಕಾಣುತ್ತವೆ. ಒಂದಕ್ಕೊಂದರ ನಂಟು ತಿಳಿಯಬೇಕಾದರೆ ಮೇಲೇರಬೇಕು. ಈ ನೋಟದ ಚರಿತ್ರೆ ಬಹುಮಟ್ಟಿಗೆ ಮೇಲಿನಿಂದ ನೋಡುವ ಅಧಿಕಾರ ಯಾರದು ಎಂಬುದರ ಚರಿತ್ರೆ. ಅದು ಮೊದಲು ಸೈನ್ಯದ್ದಾಗಿತ್ತು, ಆಮೇಲೆ ಸರ್ಕಾರದ್ದಾಯಿತು. ಸಾಮಾನ್ಯ ನಾಗರಿಕರ ಕೈಗೆ ಬಂದದ್ದು ತೀರ ಈಚೆಗೆ.

ಪೂರ್ವೇತಿಹಾಸ

ಪನೋರಮಾ ಮೊದಲು ಚಿತ್ರಕಲೆಯ ಪ್ರಕಾರವಾಗಿತ್ತು. ಪ್ರೇಕ್ಷಕ ನಡುವೆ ನಿಂತು ಸುತ್ತಲೂ ತಿರುಗಿ ನೋಡುವ ಈ ಬಗೆಯ ಚಿತ್ರಕ್ಕೆ ರಾಬರ್ಟ್ ಬಾರ್ಕರ್ 1787ರಲ್ಲಿ ಪೇಟೆಂಟ್ ಪಡೆದ. ಕನ್ನಡ ನಾಡಿನ ನೆಲ ಬಹುಬೇಗ ಅದಕ್ಕೆ ವಸ್ತುವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಕಲಾವಿದ ಆ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬಿಡಿಸಿ ಲಂಡನ್ನಿನ ಲೈಸಿಯಂ ಸಭಾಂಗಣದಲ್ಲಿ ಪ್ರದರ್ಶನಕ್ಕಿಟ್ಟ. ಆರು ವಾರಗಳಲ್ಲಿ ಬಿಡಿಸಿದನೆಂದು ಹೇಳುವ ಆ ಚಿತ್ರ ಮುಂದೆ ಬೆಂಕಿಗೆ ಆಹುತಿಯಾಯಿತು. ಅದಕ್ಕೂ ಮೊದಲು, 1791–92ರ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಎಂಬಾತ ಬೆಂಗಳೂರು, ಸಾವನದುರ್ಗ ಮೊದಲಾದ ಎಡೆಗಳ ದೃಶ್ಯಗಳನ್ನು ಬಿಡಿಸಿ 1794ರಲ್ಲಿ ಪುಸ್ತಕವಾಗಿ ಹೊರತಂದಿದ್ದ. ಇವೆರಡೂ ಗೆದ್ದವರು ಗೆದ್ದ ನಾಡನ್ನು ಕಣ್ತುಂಬ ನೋಡಿಕೊಂಡ ಚಿತ್ರಗಳು. ಇವನ್ನು ಇಂದು ನೋಡುವಾಗ ಈ ಸಂಗತಿಯನ್ನು ಮರೆಯಲಾಗದು.

ಚಿತ್ರಕ್ಕೆ ಚಿತ್ರ ಜೋಡಿಸಿ ಉದ್ದನೆಯ ನೋಟ ಕಟ್ಟುವ ಕೆಲಸವೂ ದಕ್ಷಿಣ ಭಾರತಕ್ಕೆ ಹೊಸದಲ್ಲ. 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳನ್ನು ಛಾಯಾಚಿತ್ರ ಮಾಡಿದ ಮದ್ರಾಸ್ ಸೈನ್ಯದ ಅಧಿಕಾರಿ ಲಿನೀಯಸ್ ಟ್ರೈಪ್, 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನಗಳನ್ನು 21 ಬಿಡಿ ಚಿತ್ರಗಳಲ್ಲಿ ತೆಗೆದು ಒಂದೇ ಪಟ್ಟಿಯಾಗಿ ಅಂಟಿಸಿದ. ಇಂದು ಕಂಪ್ಯೂಟರ್ ಕೆಲವೇ ಕ್ಷಣಗಳಲ್ಲಿ ಮಾಡುವ ಸ್ಟಿಚಿಂಗ್ ಕೆಲಸವನ್ನು ಆತ ಕತ್ತರಿ, ಗೋಂದುಗಳಿಂದ ಮಾಡಿದ್ದ.

ಅದೇ 1858ರಲ್ಲಿ ಫ್ರಾನ್ಸಿನ ನಾದಾರ್ ಬಲೂನಿನಲ್ಲಿ ಏರಿ ಮೊದಲ ವೈಮಾನಿಕ ಛಾಯಾಚಿತ್ರ ತೆಗೆದ. ಆ ಚಿತ್ರ ಉಳಿದಿಲ್ಲ. ಉಳಿದವುಗಳಲ್ಲಿ ಅತಿ ಹಳೆಯದು 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ತೆಗೆದ ಬಾಸ್ಟನ್ ನಗರದ ಚಿತ್ರ. ಆದರೆ ಡ್ರೋನ್ ಪನೋರಮಾಕ್ಕೆ ನಿಜವಾದ ಪೂರ್ವಜನನ್ನು ಹುಡುಕಿದರೆ ಸಿಗುವವನು ಜಾರ್ಜ್ ಲಾರೆನ್ಸ್. 1906ರ ಏಪ್ರಿಲ್ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಾಶವಾದ ಕೆಲವೇ ವಾರಗಳಲ್ಲಿ ಆತ ಸಾಲು ಗಾಳಿಪಟಗಳಿಗೆ 20 ಕಿ.ಗ್ರಾಂ. ಮೀರಿದ ಪನೋರಮಾ ಕ್ಯಾಮೆರಾ ಕಟ್ಟಿ, ಸುಮಾರು 2,000 ಅಡಿ ಎತ್ತರಕ್ಕೆ ಏರಿಸಿ, ತಂತಿಯ ಮೂಲಕ ಶಟರ್ ಒತ್ತಿದ. ಕ್ಯಾಮೆರಾ ಮೇಲೆ, ಮನುಷ್ಯ ಕೆಳಗೆ: ಡ್ರೋನಿನ ಕಲ್ಪನೆ ಅಲ್ಲಿಯೇ ಪೂರ್ಣವಾಗಿದೆ.

ಬೆಂಗಳೂರಿನ ಆಕಾಶ

1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾದ ಮೇಲೆ ಬೆಂಗಳೂರು ವಿಮಾನಗಳ ಊರಾಯಿತು. ಆದರೆ ಆಕಾಶದಿಂದ ಚಿತ್ರ ತೆಗೆಯುವುದು ನಾಗರಿಕರಿಗೆ ನಿಲುಕುವ ಮಾತಾಗಿರಲಿಲ್ಲ. 1937ರ ವಿಮಾನ ನಿಯಮಗಳ 13ನೆಯ ನಿಯಮ, ಹಾರುತ್ತಿರುವ ವಿಮಾನದಿಂದ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯುವುದನ್ನು ನಿರ್ಬಂಧಿಸಿತ್ತು. 1932ರಲ್ಲಿ ಆರಂಭವಾದ ಮೈಸೂರು ಫೋಟೊಗ್ರಾಫಿಕ್ ಸೊಸೈಟಿ, 1971ರ ಯೂತ್ ಫೋಟೊಗ್ರಾಫಿಕ್ ಸೊಸೈಟಿಗಳು ಬೆಂಗಳೂರಿನಲ್ಲಿ ಛಾಯಾಗ್ರಹಣದ ದೊಡ್ಡ ಪರಂಪರೆಯನ್ನೇ ಬೆಳೆಸಿದವು. ಅವುಗಳ ಸದಸ್ಯರಿಗೆ ಎತ್ತರವೆಂದರೆ ಬೆಟ್ಟದ ನೆತ್ತಿ, ಕಟ್ಟಡದ ತಾರಸಿ.

ಆದರೆ ಕ್ಯಾಮೆರಾ ಹೊತ್ತ ಮಾನವರಹಿತ ವಿಮಾನ ಇದೇ ಊರಿನಲ್ಲಿ ತಯಾರಾಗುತ್ತಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಪ್ರಯೋಗಾಲಯವಾದ ಎಡಿಇ ರೂಪಿಸಿದ 'ನಿಶಾಂತ್' 1995ರಲ್ಲಿ ಮೊದಲ ಹಾರಾಟ ನಡೆಸಿತು. ವಾಹನದ ಮೇಲಿನ ಕವಣೆಯಿಂದ ಚಿಮ್ಮಿ, ವೀಕ್ಷಣೆ ಮುಗಿಸಿ ಪ್ಯಾರಾಶೂಟಿನಲ್ಲಿ ಇಳಿಯುವ ಸೇನಾ ವಿಮಾನವದು. ಇನ್ನೂ ಮೇಲಿನ ನೋಟವನ್ನು ಇಸ್ರೊ ಒದಗಿಸಿತು: 1988ರ ಮಾರ್ಚ್ 17ರಂದು ಹಾರಿದ ಐಆರ್‌ಎಸ್-1ಎ, ಪ್ರಾಯೋಗಿಕ ಹಂತ ದಾಟಿ ನಿಯತ ಬಳಕೆಗೆ ಬಂದ ಭಾರತದ ಮೊದಲ ದೂರಸಂವೇದಿ ಉಪಗ್ರಹ. ಬೆಂಗಳೂರಿನ ಹಸಿರು ಮತ್ತು ಕೆರೆಗಳು 1970ರ ದಶಕದಿಂದ ಹೇಗೆ ಕರಗಿದವು ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಿಂದಲೇ ತೋರಿಸಿಕೊಟ್ಟರು. ಆದರೂ ಉಪಗ್ರಹದ್ದು ನೆತ್ತಿಯ ನೋಟ. ಅಲ್ಲಿ ಊರು ಬಣ್ಣದ ಚುಕ್ಕೆಗಳಾಗಿ ಕಾಣುತ್ತದೆ. ಉಪಗ್ರಹಕ್ಕೂ ತಾರಸಿಗೂ ನಡುವಿನ ಖಾಲಿ ಎತ್ತರವನ್ನು ತುಂಬಿದ್ದು ಡ್ರೋನ್.

ಎಲೆಕ್ಟ್ರಾನಿಕ್ ಸಿಟಿ

ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗ ಅವರ ಕನಸಾಗಿದ್ದ ಈ ಪ್ರದೇಶ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ರೂಪುಗೊಂಡಿತು. ಹೊಲ, ತೋಪು, ಕೆರೆಯಂಗಳಗಳ ನಡುವೆ ಎದ್ದ ಈ ಕೈಗಾರಿಕಾ ಬಡಾವಣೆಗೆ 1990ರ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬಂದವು. 2010ರ ಜನವರಿಯಲ್ಲಿ ಸುಮಾರು 10 ಕಿ.ಮೀ. ಉದ್ದದ ಮೇಲ್ಸೇತುವೆ ರಸ್ತೆ ಸಂಚಾರಕ್ಕೆ ತೆರೆದುಕೊಂಡಿತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿ.ಮೀ. ಮೆಟ್ರೊ ಹಳದಿ ಮಾರ್ಗ ಉದ್ಘಾಟನೆಯಾಯಿತು. ಈ ಮಾರ್ಗದ ಕಾಮಗಾರಿ ವರ್ಷಗಟ್ಟಲೆ ಎಳೆದುಕೊಂಡು ಹೋದಾಗ ಕಂಬ ಏಳುವುದನ್ನೂ ಹಳಿ ಕೂಡುವುದನ್ನೂ ಜನ ಡ್ರೋನ್ ಚಿತ್ರ, ವಿಡಿಯೊಗಳಲ್ಲಿ ನೋಡುತ್ತಲೇ ಇದ್ದರು. ಸಾರ್ವಜನಿಕ ಕಾಮಗಾರಿಯೊಂದನ್ನು ನಾಗರಿಕರು ಮೇಲಿನಿಂದ ನಿಗಾ ಇಟ್ಟು ನೋಡುವುದು ಈ ಕಲೆಯ ದೊಡ್ಡ ಉಪಕಾರ.

ಡ್ರೋನ್ ಬಂದದ್ದು, ಕಾನೂನು ಬಂದದ್ದು

ಚೀನಾದ ಡಿಜೆಐ ಕಂಪನಿಯ ಫ್ಯಾಂಟಮ್ 2013ರಲ್ಲಿ ಮಾರುಕಟ್ಟೆಗೆ ಬಂದಾಗ ಹವ್ಯಾಸಿಗಳ ಡ್ರೋನ್ ಯುಗ ಆರಂಭವಾಯಿತು. ಮೊದಮೊದಲಿನ ಫಿಶ್‌ಐ ಲೆನ್ಸುಗಳು ಅಗಲವಾಗಿ ನೋಡುತ್ತಿದ್ದರೂ ದಿಗಂತವನ್ನು ಬಿಲ್ಲಿನಂತೆ ಬಾಗಿಸುತ್ತಿದ್ದವು. 2015ರ ಫ್ಯಾಂಟಮ್ 3, 94 ಡಿಗ್ರಿಯ ನೋಟವನ್ನು ನೆಟ್ಟಗಿನ ಗೆರೆಗಳೊಂದಿಗೆ ಕೊಟ್ಟಿತು. 2016ರ ಮ್ಯಾವಿಕ್ ಪ್ರೊ ಮಡಚಿ ಚೀಲಕ್ಕೆ ಹಾಕುವಷ್ಟು ಚಿಕ್ಕದಾಯಿತು. 2018ರ ಮ್ಯಾವಿಕ್ ಏರ್ ತಾನೇ ತಿರುಗಿ 25 ಚಿತ್ರ ತೆಗೆದು 32 ಮೆಗಾಪಿಕ್ಸೆಲ್ಲಿನ ಗೋಳಾಕಾರದ ಪನೋರಮಾ ಕೂಡಿಸತೊಡಗಿತು. ಇದರ ಹಿಂದಿರುವ ಗಣಿತ ಡ್ರೋನಿಗಿಂತ ಹಳೆಯದು. ಚಿತ್ರಗಳ ನಡುವೆ ಸಮಾನ ಬಿಂದುಗಳನ್ನು ಗುರುತಿಸುವ ಕ್ರಮವನ್ನು ಕೆನಡಾದ ಡೇವಿಡ್ ಲೋ 1999ರಲ್ಲಿ ಮಂಡಿಸಿದ್ದರು. ಮ್ಯಾಥ್ಯೂ ಬ್ರೌನ್ ಅವರೊಡನೆ 2003ರಲ್ಲಿ ಅದನ್ನು ಪನೋರಮಾ ಜೋಡಣೆಗೆ ಅಳವಡಿಸಿದರು.

ಭಾರತದಲ್ಲಿ ಮಾತ್ರ ಯಂತ್ರ ಬಂದಷ್ಟು ಬೇಗ ಅನುಮತಿ ಬರಲಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2014ರ ಅಕ್ಟೋಬರ್ 7ರ ಸಾರ್ವಜನಿಕ ಪ್ರಕಟಣೆಯಲ್ಲಿ ನಾಗರಿಕರು ಡ್ರೋನ್ ಹಾರಿಸುವುದನ್ನು ನಿಷೇಧಿಸಿತು. ಸಾಫ್ಟ್‌ವೇರ್ ಬರೆಯುವ ಊರಿನಲ್ಲೇ ಸಾಫ್ಟ್‌ವೇರಿನಿಂದ ಹಾರುವ ಯಂತ್ರ ನಾಲ್ಕು ವರ್ಷ ಕಾನೂನಿನ ಹೊರಗಿತ್ತು. 2018ರ ಡಿಸೆಂಬರ್ 1ರಿಂದ ಷರತ್ತುಗಳೊಡನೆ ಅವಕಾಶ ಸಿಕ್ಕಿತು. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳು ಅದನ್ನು ಸರಳಗೊಳಿಸಿದವು. ಅವುಗಳ ಪ್ರಕಾರ 250 ಗ್ರಾಂವರೆಗಿನವು ನ್ಯಾನೊ, 2 ಕಿ.ಗ್ರಾಂವರೆಗಿನವು ಮೈಕ್ರೊ. ನ್ಯಾನೊ ಡ್ರೋನಿಗೂ ವಾಣಿಜ್ಯೇತರ ಬಳಕೆಯ ಮೈಕ್ರೊ ಡ್ರೋನಿಗೂ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ವಾಯುಪ್ರದೇಶ ನಕ್ಷೆಯ ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್‌ವರೆಗೆ ಅನುಮತಿ ಕೇಳದೆ ಹಾರಿಸಬಹುದು. ಅದೇ ವರ್ಷದ ಫೆಬ್ರವರಿ 15ರ ಭೂದತ್ತಾಂಶ ಮಾರ್ಗಸೂಚಿ ಭಾರತೀಯರಿಗೆ ನಕ್ಷೆ ತಯಾರಿಕೆಯನ್ನೂ ಮುಕ್ತಗೊಳಿಸಿತು. 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನುಗಳ ಆಮದು ನಿಷೇಧವಾಯಿತು. ಬಿಡಿಭಾಗಗಳ ಆಮದಿಗೆ ತಡೆಯಿರಲಿಲ್ಲ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಈ ನಿಯಮಗಳು ಸ್ವಲ್ಪ ತೊಡಕಿನವು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವಿನ ಪಟ್ಟಿಯಲ್ಲಿ ಮುಕ್ತ ಎತ್ತರ 200 ಅಡಿ ಮಾತ್ರ. ಎಚ್‌ಎಎಲ್ ವಿಮಾನ ನಿಲ್ದಾಣ ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 12 ಕಿ.ಮೀ. ದೂರದಲ್ಲಿದೆ. ಹೀಗಾಗಿ ಆ ಪಟ್ಟಿಯ ಹೊರ ಅಂಚು ಈ ಪ್ರದೇಶದ ಆಸುಪಾಸಿನಲ್ಲೇ ಹಾದುಹೋಗುತ್ತದೆ. ರಸ್ತೆಯ ಒಂದು ಕಡೆ ಸಲ್ಲುವ ಎತ್ತರ ಇನ್ನೊಂದು ಕಡೆ ಸಲ್ಲದಿರಬಹುದು. ಎತ್ತರವಷ್ಟೇ ಅಲ್ಲ, ಭದ್ರತೆಯನ್ನೂ ನೋಡಿಕೊಳ್ಳಬೇಕು: ಹತ್ತಿರದಲ್ಲೇ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹವಿದೆ. 2009ರಿಂದ ಇನ್ಫೊಸಿಸ್ ಆವರಣಕ್ಕೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಕಾವಲಿದೆ. ಪಶ್ಚಿಮಕ್ಕೆ ಹೋದರೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಈ ನಿರ್ಬಂಧಗಳಲ್ಲಿ ಹೆಚ್ಚಿನವು ನ್ಯಾಯವಾದವೇ.

ವಿಧಾನ

ನೆಲದ ಮೇಲೆ ಟ್ರೈಪಾಡಿಗೆ ಸಿಕ್ಕಿಸಿ ಪನೋರಮಾ ತೆಗೆಯುವವರಿಗೆ ದೊಡ್ಡ ತಲೆನೋವು ಪ್ಯಾರಲಾಕ್ಸ್. ಕ್ಯಾಮೆರಾ ಅಕ್ಷ ತಪ್ಪಿ ತಿರುಗಿದರೆ ಹತ್ತಿರದ ಕಂಬ ದೂರದ ಗೋಡೆಯ ಮೇಲೆ ಜಾರಿ, ಜೋಡಣೆಯಲ್ಲಿ ಮುರಿದು ಕಾಣುತ್ತದೆ. ಡ್ರೋನಿಗೆ ಈ ಕಾಟ ಕಡಿಮೆ. 100 ಮೀಟರ್ ಮೇಲೆ ನಿಂತ ಡ್ರೋನ್ ಗಾಳಿಗೆ ಅರ್ಧ ಮೀಟರ್ ಸರಿದರೂ ನೆಲದ ವಸ್ತುಗಳು ಅಷ್ಟು ದೂರದಲ್ಲಿರುವುದರಿಂದ ವ್ಯತ್ಯಾಸ ಅತ್ಯಲ್ಪ. ಆದರೆ ಎಲೆಕ್ಟ್ರಾನಿಕ್ ಸಿಟಿಯ ಎತ್ತರದ ವಸತಿ ಗೋಪುರಗಳ ಪಕ್ಕದಲ್ಲಿ ಹಾರಿಸುವಾಗ ಈ ಅನುಕೂಲ ಕಳೆದುಹೋಗುತ್ತದೆ: ಕಿಟಕಿಗಳ ಸಾಲು, ಬಾಲ್ಕನಿ ಸರಳುಗಳು ಅಂಚಿನಲ್ಲಿ ಕೂಡದೆ ಹಲ್ಲುಹಲ್ಲಾಗುತ್ತವೆ. ಅಲ್ಲಿ ಕೂಡಿಸುವ ಬದಲು ಒಂದೇ ವೈಡ್ ಆಂಗಲ್ ಚಿತ್ರ ತೆಗೆಯುವುದು ಲೇಸು; ಮನೆಗಳೊಳಗೆ ಇಣುಕದೆ ದೂರ ಉಳಿಯುವುದು ಇನ್ನೂ ಲೇಸು.

ಗಾಜಿನ ಕಟ್ಟಡಗಳು ಇನ್ನೊಂದು ಪರೀಕ್ಷೆ ಒಡ್ಡುತ್ತವೆ. ಡ್ರೋನ್ ಸುತ್ತ ತಿರುಗುವಾಗ ಒಂದು ಮುಖ ಬಿಸಿಲಿಗೆ ಕೋರೈಸುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಎಕ್ಸ್‌ಪೋಷರನ್ನೂ ವೈಟ್ ಬ್ಯಾಲೆನ್ಸನ್ನೂ ಲಾಕ್ ಮಾಡದೆ ತೆಗೆದರೆ ಕೂಡಿಸಿದ ಆಕಾಶದಲ್ಲಿ ಪಟ್ಟೆಗಳು ಏಳುತ್ತವೆ. ಒಂದು ಚಿತ್ರದ ಮೂರನೆಯ ಒಂದು ಭಾಗವಾದರೂ ಮುಂದಿನದರ ಮೇಲೆ ಬರಬೇಕು. ಕ್ಯಾಮೆರಾ ಹಿಡಿದಿಡುವ ಗಿಂಬಲ್ ಹೆಚ್ಚಿನ ಡ್ರೋನುಗಳಲ್ಲಿ ನೇರ ಮೇಲಕ್ಕೆ ತಿರುಗಲಾರದ ಕಾರಣ ಗೋಳ ಪನೋರಮಾದ ನೆತ್ತಿಯಲ್ಲಿ ಖಾಲಿ ಉಳಿಯುತ್ತದೆ. ಅದನ್ನು ಸಾಫ್ಟ್‌ವೇರ್ ಕಲ್ಪಿತ ಆಕಾಶದಿಂದ ಮುಚ್ಚುತ್ತದೆ. ಅಂದರೆ ಪ್ರಾಮಾಣಿಕ ಗೋಳ ಪನೋರಮಾದಲ್ಲೂ ಸಾಮಾನ್ಯವಾಗಿ ಕ್ಯಾಮೆರಾ ಕಾಣದ ಒಂದು ತುಂಡು ಇರುತ್ತದೆ.

120 ಮೀಟರ್ ಎತ್ತರದಿಂದ ಸಪಾಟು ನೆಲದ ಮೇಲೆ ದಿಗಂತ ಸುಮಾರು 39 ಕಿ.ಮೀ. ದೂರ. ಇಲ್ಲಿಂದ ಉತ್ತರಕ್ಕೆ ನಗರ, ಪಶ್ಚಿಮಕ್ಕೆ ಬನ್ನೇರುಘಟ್ಟದ ಕಾಡು, ಆಗ್ನೇಯಕ್ಕೆ ತಮಿಳುನಾಡಿನ ಹೊಸೂರು ಈ ವೃತ್ತದೊಳಗೆ ಬರುತ್ತವೆ. ಬೇಸಿಗೆಯ ಧೂಳು ಮಬ್ಬಿನಲ್ಲಿ ಇದರ ಸ್ವಲ್ಪ ಭಾಗವೂ ಕಾಣದು. ಒಳ್ಳೆಯ ಮಳೆ ಬಿದ್ದ ಮರುದಿನ ಬೆಳಿಗ್ಗೆ ಸ್ಪಷ್ಟವಾಗಿ ಕಾಣುತ್ತದೆ.

ವಸ್ತುಗಳು

ಮೇಲ್ಸೇತುವೆ, ಮೆಟ್ರೊ ಮತ್ತು ಗಾಜಿನ ಗೋಪುರಗಳು ಎಲ್ಲರೂ ತೆಗೆಯುವ ಚಿತ್ರಗಳು. ಹೆಚ್ಚು ಬೆಲೆಯುಳ್ಳವು ಬೇರೆ. ಬಯೋಕಾನ್ ಪ್ರತಿಷ್ಠಾನ ಪುನಶ್ಚೇತನಗೊಳಿಸಿದ ಹೆಬ್ಬಗೋಡಿ ಕೆರೆ, ದೊಡ್ಡತೋಗೂರಿನ ಕೆರೆ, ಒಂಬತ್ತನೆಯ ಶತಮಾನದ ಅಂತ್ಯದ ಹೊತ್ತಿಗೆ ಸೇರಿದ, 'ಬೆಂಗಳೂರು ಕಾಳಗ'ವನ್ನು ಹೇಳುವ ವೀರಗಲ್ಲು ಸಿಕ್ಕಿದ ಬೇಗೂರಿನ ಕೆರೆ: ಇವುಗಳ ದಂಡೆ ಎಲ್ಲಿ ಮುಗಿಯುತ್ತದೆ, ಕಟ್ಟಡ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಪನೋರಮಾ ಒಂದೇ ನೋಟಕ್ಕೆ ತೋರಿಸುತ್ತದೆ.

ಹುಸ್ಕೂರಿನ ಮದ್ದೂರಮ್ಮ ಜಾತ್ರೆ ಇನ್ನೂ ಮುಖ್ಯವಾದದ್ದು. ಸುತ್ತಲಿನ ಹಳ್ಳಿಗಳವರು 100 ಅಡಿ ಮೀರಿದ ತೇರುಗಳನ್ನು ಕಟ್ಟಿ, ಎತ್ತು, ಟ್ರ್ಯಾಕ್ಟರುಗಳಿಂದ ಎಳೆದುಕೊಂಡು ಹೊಲಗಳ ನಡುವೆ ಹುಸ್ಕೂರಿಗೆ ಬರುತ್ತಾರೆ. ಐಟಿ ಕಟ್ಟಡಗಳ ಹಿನ್ನೆಲೆಯಲ್ಲಿ ತೇರುಗಳು ಏಳುವ ಈ ದೃಶ್ಯ ನೆಲದಿಂದ ಒಂದು ಫ್ರೇಮಿನಲ್ಲಿ ಹಿಡಿಸದು. ವೈಡ್ ಆಂಗಲ್ ಕ್ಯಾಮೆರಾವನ್ನು ಕೆಳಮುಖ ಮಾಡಿದರೆ ತೇರು ವಾಲಿದಂತೆ ತೋರುತ್ತದೆ. ತೇರಿನ ಅರ್ಧ ಎತ್ತರದಲ್ಲಿ ಡ್ರೋನ್ ನಿಲ್ಲಿಸಿ, ಕ್ಯಾಮೆರಾವನ್ನು ಸಮತಲದಲ್ಲಿಟ್ಟು ತೆಗೆದರೆ ನೆಟ್ಟಗೆ ನಿಲ್ಲುತ್ತದೆ. ಆದರೆ ಜನಜಂಗುಳಿಯ ಮೇಲೆ ಹಾರಿಸುವುದು ಅಪಾಯ. 2024ರಲ್ಲಿ ಇಲ್ಲಿ ತೇರು ಉರುಳಿತು. 2025ರ ಮಾರ್ಚಿನಲ್ಲಿ ಮತ್ತೆ ಉರುಳಿದಾಗ ಜೀವಹಾನಿಯೂ ಆಯಿತು. ಅಂಥ ಜಾಗದಲ್ಲಿ ಹೊಲದ ಬದುವಿನಿಂದ ಹಾರಿಸಿ ದೂರದಿಂದಲೇ ಚಿತ್ರ ತೆಗೆಯಬೇಕು.

ದಾಖಲೆಯಾಗಿ

ಈ ಚಿತ್ರಗಳಲ್ಲಿ ಬಹುಪಾಲು ಫೋನುಗಳಲ್ಲಿ ಕುಗ್ಗಿದ ಗಾತ್ರದಲ್ಲಿ, ದಿನಾಂಕ, ಸ್ಥಳಗಳಿಲ್ಲದೆ ಹರಿದಾಡಿ ಮರೆಯಾಗುತ್ತವೆ. ಇದು ದೊಡ್ಡ ನಷ್ಟ. ಪೋರ್ಟರನ ಚಿತ್ರ ಸುಟ್ಟುಹೋಯಿತು. ಟ್ರೈಪನ ಚಿತ್ರಗಳು ಉಳಿದುಬಂದದ್ದರಿಂದ ತಂಜಾವೂರಿನ ಶಾಸನಗಳನ್ನು ಇಂದಿಗೂ ಅವುಗಳಲ್ಲಿ ನೋಡಬಹುದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಡ್ರೋನ್ ಹಾರಿಸುವವರು ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ವಲಯ ನೋಡಿಕೊಳ್ಳಲಿ. ತೆಗೆದ ಮೇಲೆ ಕೂಡಿಸಿದ ಪನೋರಮಾದ ಜೊತೆಗೆ ಕೂಡಿಸದ ಮೂಲ ಚಿತ್ರಗಳನ್ನೂ ದಿನಾಂಕ, ಎತ್ತರ, ಸ್ಥಳದ ಅಕ್ಷಾಂಶ ರೇಖಾಂಶಗಳೊಂದಿಗೆ ಉಳಿಸಿಡಲಿ. ಸಾಧ್ಯವಾದರೆ ವರ್ಷಕ್ಕೊಮ್ಮೆ ಅದೇ ಬಿಂದುವಿನಿಂದ ಅದೇ ಕೆರೆಯನ್ನು ಮತ್ತೆ ತೆಗೆಯಲಿ.