ಮೊಬೈಲ್ ಆ್ಯಪ್ ಹಾಕಿಕೊಂಡರೆ ಕಿವಿ ಕೇಳಿಸುತ್ತದೆಯೇ?

‘ಈ ಆ್ಯಪ್ ಹಾಕಿಕೊಳ್ಳಿ, ಕಿವಿ ಮಿಷನ್ ಬೇಕಾಗಿಲ್ಲ’ ಎನ್ನುವ ಥರದ ಫಾರ್ವರ್ಡ್ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರಲ್ಲಿ ಅರ್ಧ ನಿಜ ಇದೆ, ತೊಂದರೆ ಇರುವುದೇ ಅಲ್ಲಿ. ಕಿವಿ ಕೇಳದವರಿಗೆ ನಿಜಕ್ಕೂ ಉಪಯೋಗವಾಗುವ ಉಚಿತ ಆ್ಯಪ್‌ಗಳಿವೆ, ಕನ್ನಡದಲ್ಲಿ ಕೆಲಸ ಮಾಡುವಂಥವೂ ಇವೆ. ಆದರೆ ಯಾವುದೂ ಕಿವಿಯನ್ನು ಸರಿಮಾಡುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಿಂದ ವಿವರವಾದ ಕಿವಿ ಪರೀಕ್ಷೆಗೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಅಂಥ ಕಡೆ ‘ಆ್ಯಪ್ ಇದೆಯಲ್ಲ, ಮುಂದಿನ ವರ್ಷ ನೋಡೋಣ’ ಎನ್ನುವ ಮಾತು ಬೇಗ ಬಾಯಿಗೆ ಬರುತ್ತದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಶ್ರವಣದೋಷ ಇರುವವರು ಸುಮಾರು 2.35 ಲಕ್ಷ. ಇವರೆಲ್ಲ ಒಂದೇ ಥರದವರಲ್ಲ. ವಯಸ್ಸಾಗಿ ಕಿವಿ ಮಂದವಾದ ಅಜ್ಜನಿಗೆ ಕನ್ನಡ ಗೊತ್ತು, ಓದು ಬಂದರೆ ಪರದೆ ನೋಡಿ ತಿಳಿದುಕೊಳ್ಳುತ್ತಾರೆ. ಹುಟ್ಟಿನಿಂದ ಕೇಳದ ಹುಡುಗಿ ಕನ್ನಡವನ್ನು ಕಿವಿಯಿಂದ ಕಲಿತವಳಲ್ಲ, ಅವಳ ಭಾಷೆ ಸನ್ನೆ. ಅಜ್ಜನಿಗೆ ಹೊಂದುವ ಆ್ಯಪ್ ಅವಳಿಗೆ ಹೊಂದಬೇಕೆಂದಿಲ್ಲ. ಇದನ್ನು ಫಾರ್ವರ್ಡ್ ಕಳಿಸುವವರೂ ಮರೆಯುತ್ತಾರೆ, ಆ್ಯಪ್ ಮಾಡುವವರೂ ಮರೆಯುತ್ತಾರೆ.

ಅಜ್ಜನ ಥರದವರಿಗೆ ಹೆಚ್ಚು ನೆರವಾಗುವುದು ಗೂಗಲ್ 2019ರಲ್ಲಿ ತಂದ ‘ಲೈವ್ ಟ್ರಾನ್ಸ್‌ಕ್ರೈಬ್’. ಎದುರಿಗಿದ್ದವರು ಮಾತಾಡುತ್ತಿದ್ದಂತೆ ಆ ಮಾತು ಅಕ್ಷರವಾಗಿ ಪರದೆಯ ಮೇಲೆ ಮೂಡುತ್ತದೆ, ಕನ್ನಡದಲ್ಲೂ. ಇದರ ಹಿಂದೆ ದಿಮಿತ್ರಿ ಕನೆವ್‌ಸ್ಕಿ ಎಂಬ ವಿಜ್ಞಾನಿ ಇದ್ದಾರೆ. ಚಿಕ್ಕಂದಿನಲ್ಲೇ ಕಿವಿ ಕಳೆದುಕೊಂಡವರು ಅವರು. ಕಿವುಡರಿಗಾಗಿಯೇ ಇರುವ ಅಮೆರಿಕದ ಗ್ಯಾಲೊಡೆಟ್ ವಿಶ್ವವಿದ್ಯಾಲಯವೂ ಜೊತೆಗೂಡಿತ್ತು. ಬಳಸುವವರೇ ಮಾಡುವವರ ಜೊತೆ ಕೂತಿದ್ದರಿಂದ ಆ್ಯಪ್ ಕೆಲಸಕ್ಕೆ ಬರುವಂತಾಯಿತು ಎಂದು ನನ್ನ ಅನಿಸಿಕೆ.

ಆದರೆ ಅದು ಮಾಡುವುದು ಊಹೆ. ಮೈಕಿಗೆ ಬಿದ್ದ ಸದ್ದನ್ನು ಚೂರು ಮಾಡಿ, ಹಿಂದೆ ಕಲಿತ ಲಕ್ಷಾಂತರ ಮಾತುಗಳ ಜೊತೆ ಹೋಲಿಸಿ, ‘ಇದು ಈ ಪದ ಇರಬೇಕು’ ಎಂದು ಬರೆಯುತ್ತದೆ. ಶಾಂತವಾದ ಕೋಣೆಯಲ್ಲಿ ನಿಧಾನವಾಗಿ ಮಾತಾಡಿದರೆ ಚೆನ್ನಾಗಿಯೇ ಬರುತ್ತದೆ. ಮೆಕ್ಕೆಜೋಳ ಒಕ್ಕುವ ಮಿಷನ್ ಪಕ್ಕದಲ್ಲೋ, ಅಡಿಕೆ ಸುಲಿಯುವ ಯಂತ್ರ ಓಡುತ್ತಿರುವ ಅಂಗಳದಲ್ಲೋ ಹಿಡಿದು ನೋಡಿ, ಏನೇನೋ ಬರೆಯುತ್ತದೆ. ‘ಹದಿಮೂರು’ ಮತ್ತು ‘ಹದಿನಾರು’ ಕನ್ನಡದ ಕಿವಿಗೇ ಗೊಂದಲ, ಯಂತ್ರ ಎಡವಿದರೆ ಆಶ್ಚರ್ಯವೇನು? ಅದಕ್ಕೇ ಔಷಧದ ಪ್ರಮಾಣ, ಸಾಲದ ಮೊತ್ತ, ಆಸ್ಪತ್ರೆಗೆ ಬರಬೇಕಾದ ತಾರೀಖು ಇವನ್ನು ಆ್ಯಪ್ ತೋರಿಸಿದ್ದರ ಮೇಲೆ ನಂಬಬೇಡಿ. ಚೀಟಿಯಲ್ಲಿ ಬರೆಸಿಕೊಳ್ಳಿ.

ಕನ್ನಡಕ್ಕೆ ಸಾಮಾನ್ಯವಾಗಿ ಇಂಟರ್ನೆಟ್ ಬೇಕು. ಜಗಳೂರಿನ ಕಡೆಯ ಕಾಡಂಚಿನಲ್ಲೋ ತೋಟದ ನಡುವೆಯೋ ಸಿಗ್ನಲ್ ಹೋದರೆ ಅಕ್ಷರವೂ ನಿಲ್ಲುತ್ತದೆ. ಇನ್ನೊಂದು ತೊಡಕಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ: ಸೇವಾಲಾಲರ ಸೂರಗೊಂಡನಕೊಪ್ಪ ಇರುವ ನ್ಯಾಮತಿ ತಾಲ್ಲೂಕೂ ಸೇರಿ ಈ ಭಾಗದ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಕನ್ನಡ ಆರಿಸಿಕೊಂಡ ಆ್ಯಪ್ ಮುಂದೆ ತಾಯಿ ಲಂಬಾಣಿಯಲ್ಲಿ ಮಾತಾಡಿದರೆ ಬರುವುದು ಬರೀ ಅಸಂಬದ್ಧ.

ಇನ್ನು ಸನ್ನೆಯಲ್ಲಿ ಬದುಕುವ ಆ ಹುಡುಗಿಗೆ? ಭಾರತೀಯ ಸಂಕೇತ ಭಾಷೆ ಕೈಯಲ್ಲಿ ಆಡುವ ಕನ್ನಡವಲ್ಲ, ಅದಕ್ಕೆ ತನ್ನದೇ ವ್ಯಾಕರಣವಿದೆ. ಕನ್ನಡ ಅಕ್ಷರ ತೋರಿಸಿಬಿಟ್ಟರೆ ಎಲ್ಲ ಕಿವುಡರಿಗೂ ಅರ್ಥವಾಯಿತು ಎಂದುಕೊಳ್ಳುವುದು ತಪ್ಪು. ದೆಹಲಿಯ ಭಾರತೀಯ ಸಂಕೇತ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳ ವಿಡಿಯೊ ನಿಘಂಟನ್ನು ಹೊರತಂದಿತು. 2022ರಲ್ಲಿ ಅದೇ ನಿಘಂಟು ‘ಸೈನ್ ಲರ್ನ್’ ಎಂಬ ಆ್ಯಪ್ ಆಗಿ ಬಂತು. ಇದನ್ನು ಹಾಕಿಕೊಳ್ಳಬೇಕಾದವರು ಕೇಳಿಸುವ ನಾವು: ಅಪ್ಪ, ಅಮ್ಮ, ಟೀಚರ್, ಪಕ್ಕದ ಅಂಗಡಿಯವರು. ದಿನಕ್ಕೆ ನಾಲ್ಕು ಸನ್ನೆ ಕಲಿತರೂ ಆ ಮಗುವಿನ ಜೊತೆ ಮಾತಾಡುವವರು ಒಬ್ಬರು ಹೆಚ್ಚಾದರು.

ಆ್ಯಪ್ ಮಾಡುವ ಹುಡುಗರು ಇದನ್ನು ಓದುತ್ತಿದ್ದರೆ ಒಂದು ಮಾತು. ಕಿವುಡರಿಗೆಂದೇ ಹೊಸ ಆ್ಯಪ್ ಬೇಕೆಂದೇನಿಲ್ಲ, ಇರುವ ಆ್ಯಪ್‌ಗಳನ್ನು ಕಿವುಡರೂ ಬಳಸುವಂತಿದ್ದರೆ ಸಾಕು. ಓಟಿಪಿ ಕರೆಯಲ್ಲಿ ಮಾತ್ರ ಬಂದರೆ ಅವರು ಹೊರಗುಳಿದರು. ದೂರಿಗೆ ಫೋನ್ ನಂಬರ್ ಒಂದೇ ಕೊಟ್ಟರೂ ಹೊರಗುಳಿದರು. ಎಚ್ಚರಿಕೆಗೆ ಸದ್ದಿನ ಜೊತೆ ಕಂಪನ, ಬೆಳಕು ಇರಲಿ. ವಿಡಿಯೊಗೆ ಅಡಿಬರಹ ಇರಲಿ. ಸನ್ನೆಯ ವಿಡಿಯೊ ಚಿಕ್ಕದಾಗಿದ್ದು, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡಲಿ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟುಕಬೇಕು ಎನ್ನುತ್ತದೆ. ಮಾಡಿದ್ದು ಸರಿಯಿದೆಯೇ ಎಂದು ತಿಳಿಯಲು ಫೋನನ್ನು ಪೂರ್ತಿ ಸೈಲೆಂಟ್ ಮಾಡಿ ಒಂದು ದಿನ ನಿಮ್ಮದೇ ಆ್ಯಪ್ ಬಳಸಿ. ಆಮೇಲೆ ಒಬ್ಬ ಕಿವುಡ ಬಳಕೆದಾರರ ಕೈಗೆ ಕೊಟ್ಟು ಸುಮ್ಮನೆ ನೋಡಿ.

ಮತ್ತೆ ಕಿವಿ ಮಿಷನ್‌ಗೆ ಬರೋಣ. ಇಯರ್‌ಫೋನ್ ಹಾಕಿಕೊಂಡು ಸದ್ದು ಹೆಚ್ಚಿಸುವ ಆ್ಯಪ್‌ಗಳಿವೆ. ಸ್ವಲ್ಪ ಮಂದ ಇರುವವರಿಗೆ ಟಿವಿ ನೋಡಲು, ಎದುರಿಗೆ ಕೂತು ಮಾತಾಡಲು ಅನುಕೂಲವೇ. ಆದರೆ ಕಿವಿ ಕೇಳದಿರುವುದು ಎಲ್ಲ ಸದ್ದಿಗೂ ಒಂದೇ ಸಮ ಇರುವುದಿಲ್ಲ. ಎಷ್ಟೋ ಹಿರಿಯರಿಗೆ ದಪ್ಪ ದನಿ ಕೇಳುತ್ತದೆ, ‘ಸ’, ‘ಶ’ದಂಥ ತೆಳು ಸದ್ದು ತಪ್ಪಿಹೋಗುತ್ತದೆ. ಶ್ರವಣ ತಜ್ಞರು ಆಡಿಯೊಗ್ರಾಮ್ ತೆಗೆದು, ಯಾವ ಸ್ವರಕ್ಕೆ ಎಷ್ಟು ಬಲ ಬೇಕೋ ಅಷ್ಟೇ ಬರುವಂತೆ ಮಿಷನ್ ಹೊಂದಿಸುತ್ತಾರೆ. ಕಣ್ಣಳತೆಯಲ್ಲಿ ವಾಲ್ಯೂಮ್ ಏರಿಸುತ್ತಾ ಹೋದರೆ ಉಳಿದ ಕಿವಿಗೂ ಪೆಟ್ಟು ಬೀಳಬಹುದು.

ಎಲ್ಲಕ್ಕಿಂತ ಮುಖ್ಯವಾಗಿ ಮಕ್ಕಳ ವಿಷಯದಲ್ಲಿ ಆ್ಯಪ್ ನಂಬಿ ಕೂರಬಾರದು. ಮಾತು, ಭಾಷೆ ಬೇರೂರುವುದು ಮೊದಲ ಮೂರ್ನಾಲ್ಕು ವರ್ಷಗಳಲ್ಲಿ. ಆಗ ಮಗುವಿಗೆ ಮಿಷನ್‌ನಿಂದಾಗಲಿ ಸನ್ನೆಯಿಂದಾಗಲಿ ಭಾಷೆ ಸಿಗದೆ ಹೋದರೆ ಆಮೇಲೆ ತುಂಬಿಕೊಡುವುದು ಬಹಳ ಕಷ್ಟ. ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂದು ಅಜ್ಜಿ ಹೇಳಬಹುದು, ಆದರೂ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹುಟ್ಟು ಕಿವುಡುತನವೂ ಸೇರಿದೆ, ಅಂಗನವಾಡಿಗೆ ತಂಡ ಬಂದಾಗ ಕೇಳಿ. ದಾವಣಗೆರೆಯಲ್ಲಿ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲಿಗೆ ಹೋಗಬೇಕು, ಯುಡಿಐಡಿ ಕಾರ್ಡ್ ಹೇಗೆ ಮಾಡಿಸಬೇಕು ಎಂದು ಗೊತ್ತಾಗದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ಊರಿನವರು ವಿಆರ್‌ಡಬ್ಲ್ಯು ಎನ್ನುವವರನ್ನು ವಿಚಾರಿಸಿ.